ಅಲರ್ಜಿಯ ಮಾತ್ರೆಯೂ ನಿಮಿರು ದೌರ್ಬಲ್ಯವೂ

ಅಲರ್ಜಿಗೆಂದು ನುಂಗುವ ಮಾತ್ರೆಯಿಂದ ಶಿಶ್ನದ ನಿಮಿರುವಿಕೆ ಕುಗ್ಗುತ್ತದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚಪಡುವ ಗಂಡಸರು ಎಲ್ಲೆಡೆಯೂ ಇದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಂದಿ ಆಡುವ ಹೈದರಾಬಾದಿನ ಕಾಚಿಗೂಡದ ಕನ್ನಡಿಗರಿಗಾದರೋ ಆ ಸಂಕೋಚದ ಜೊತೆಗೆ ಭಾಷೆಯ ತೊಡಕೂ ಸೇರಿಕೊಳ್ಳಬಹುದು. ಆದರೆ ಈ ಪ್ರಶ್ನೆ ನಿರಾಧಾರವಾದುದಲ್ಲ.

ಅಲರ್ಜಿಯಾದಾಗ ದೇಹದಲ್ಲಿ ಬಿಡುಗಡೆಯಾಗಿ ಸೀನು, ತುರಿಕೆಗಳನ್ನು ತರುವ ರಾಸಾಯನಿಕವೇ ಹಿಸ್ಟಮಿನ್. ಅದನ್ನು ತಡೆಯುವ ಮೊದಲ ಪೀಳಿಗೆಯ ಔಷಧಗಳಾದ ಕ್ಲೋರ್‌ಫೆನಿರಮೈನ್ ಮತ್ತು ಅವಿಲ್ ಎಂದೇ ಮನೆಮಾತಾಗಿರುವ ಫೆನಿರಮೈನ್ ಮಿದುಳನ್ನೂ ಹೊಕ್ಕು ಮಂಪರು ತರುವುದಲ್ಲದೆ, ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೂ ಅಡ್ಡಬರುತ್ತವೆ. ಬಾಯಿ ಒಣಗುವುದು ಇದೇ ಕಾರಣಕ್ಕೆ. ರಕ್ತನಾಳಗಳನ್ನು ಸಡಿಲಿಸಿ ನಿಮಿರುವಿಕೆಗೆ ಎಡೆಮಾಡಿಕೊಡುವ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುವುದರಲ್ಲಿ ಅಸಿಟೈಲ್‌ಕೋಲಿನ್‌ಗೂ ಪಾತ್ರವಿರುವುದರಿಂದ ಕೆಲವರಲ್ಲಿ ತಾತ್ಕಾಲಿಕ ತೊಂದರೆ ಕಾಣಿಸಬಹುದು. ಲೊರಟಡಿನ್, ಫೆಕ್ಸೋಫೆನಡಿನ್‌ಗಳಂಥ ಎರಡನೆಯ ಪೀಳಿಗೆಯ ಮಾತ್ರೆಗಳಲ್ಲಿ ಈ ಅಪಾಯ ಬಹಳ ಕಡಿಮೆ.

ನೆಗಡಿ ಮಾತ್ರೆಯ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಅನೇಕ ವೇಳೆ ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮೈನ್‌ಗಳ ಜೊತೆಗೆ ಫಿನೈಲೆಫ್ರಿನ್ ಎಂಬ ಮೂರನೆಯ ಹೆಸರೂ ಸಿಗುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸಿ ಕಟ್ಟಿದ ಮೂಗನ್ನು ತೆರೆಯಲೆಂದು ಸೇರಿಸುವ ಔಷಧ ಅದು. ಗಂಟೆಗಟ್ಟಲೆ ಇಳಿಯದ ನಿಮಿರುವಿಕೆಯನ್ನು ಇಳಿಸಲು ಆಸ್ಪತ್ರೆಯಲ್ಲಿ ಚುಚ್ಚುವುದೂ ಇದನ್ನೇ. ನುಂಗಿದಾಗ ಅದರ ಸ್ವಲ್ಪಾಂಶವಷ್ಟೇ ರಕ್ತವನ್ನು ಸೇರುವುದರಿಂದ ಪರಿಣಾಮ ಅಷ್ಟು ತೀವ್ರವಾಗಿರದು. ಇನ್ನು 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ವಯಾಗ್ರಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ನಿಮಿರು ದೌರ್ಬಲ್ಯದ ಔಷಧ ಸಿಲ್ಡೆನಾಫಿಲ್, ರಕ್ತನಾಳಗಳನ್ನು ಹಿಗ್ಗಿಸುವಾಗ ಮೂಗಿನ ನಾಳಗಳನ್ನೂ ಹಿಗ್ಗಿಸಿ ಕೆಲವರಲ್ಲಿ ಮೂಗು ಕಟ್ಟಿಸುತ್ತದೆ. ಇದನ್ನರಿಯದವರು ಅದಕ್ಕೆ ಮತ್ತೆ ನೆಗಡಿಯ ಮಾತ್ರೆ ನುಂಗಿ ಒಂದು ಔಷಧದ ಪರಿಣಾಮವನ್ನು ಇನ್ನೊಂದರಿಂದ ಸರಿಪಡಿಸುವ ಸುಳಿಗೆ ಸಿಲುಕಬಹುದು. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗಂತೂ ಸಿಲ್ಡೆನಾಫಿಲ್ ಪ್ರಾಣಾಂತಕವಾಗಬಲ್ಲದು.

ಅಲರ್ಜಿಯ ಅಥವಾ ನೆಗಡಿಯ ಮಾತ್ರೆ ನಿಲ್ಲಿಸಿದ ಮೇಲೂ ನಿಮಿರುವಿಕೆಯ ತೊಂದರೆ ಉಳಿದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಶಿಶ್ನದ ಅಪಧಮನಿಗಳು ಹೃದಯದವುಗಳಿಗಿಂತ ಕಿರಿದಾಗಿರುವುದರಿಂದ ರಕ್ತನಾಳದ ಕಾಯಿಲೆ ಮೊದಲು ಇಲ್ಲಿ ಕಾಣಿಸಿಕೊಂಡು, ಎದೆನೋವು ಕೆಲವು ವರ್ಷಗಳ ಅನಂತರ ಬರುವುದುಂಟು. ಆದ್ದರಿಂದ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟೆರಾಲ್‌ಗಳ ಪರೀಕ್ಷೆ ಮಾಡಿಸದೆ ಅಲರ್ಜಿಯ ಮಾತ್ರೆಯನ್ನಷ್ಟೇ ದೂರುವುದು ಅಪಾಯಕಾರಿ.

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ವೇದಿಕೆಗಳು ಕನ್ನಡ ಬಲ್ಲ ವೈದ್ಯರಿಂದ ಈ ವಿಷಯದಲ್ಲಿ ಉಪನ್ಯಾಸ ಏರ್ಪಡಿಸುವುದು ಅಗತ್ಯ. ಅಲ್ಲಿಯವರೆಗೆ ಓದುಗರು, ತಾವು ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಲಿ.