ಜಪಾನಿನ ಆಟ, ಅಮೆರಿಕದ ಮಾತು, ಕನ್ನಡದ ವಿಭಕ್ತಿ

ಒಂದು ಭಾಷೆಯ ಕೃತಿಯನ್ನು ಮತ್ತೊಂದು ಭಾಷೆಗೆ ತರುವ ಕಾರ್ಯಕ್ಕೆ ಅನುವಾದ, ಭಾಷಾಂತರ, ರೂಪಾಂತರ ಎಂಬ ಹೆಸರುಗಳು ಕನ್ನಡದಲ್ಲಿ ಬಹುಕಾಲದಿಂದ ರೂಢಿಯಲ್ಲಿವೆ. ಗಣಕಯಂತ್ರದ ಯುಗವು ಇವುಗಳ ಸಾಲಿಗೆ 'ಸ್ಥಳೀಕರಣ' ಎಂಬ ಇನ್ನೊಂದು ಹೆಸರನ್ನು ಸೇರಿಸಿದೆ. ಮಾತಿನ ಅರ್ಥದೊಡನೆ ಹಾಸ್ಯ, ಸಂಬೋಧನೆ, ಹೆಸರುಗಳು, ಪರದೆಯ ಮೇಲೆ ಅಕ್ಷರಗಳು ಕೂರುವ ಬಗೆ ಇವೆಲ್ಲವನ್ನೂ ಹೊಸ ನೆಲಕ್ಕೆ ಒಗ್ಗಿಸುವುದೇ ಸ್ಥಳೀಕರಣ.

ಇದಕ್ಕೆ ಒಳ್ಳೆಯ ನಿದರ್ಶನ ವಿಡಿಯೋ ಆಟಗಳಲ್ಲಿ ದೊರೆಯುತ್ತದೆ. 2007ರಲ್ಲಿ ಜಪಾನಿನ 'ಈಸಿಗೇಮ್‌ಸ್ಟೇಷನ್' ಎಂಬ ಸಣ್ಣ ತಂಡವು 'ರೆಸೆಟಿಯರ್' ಎಂಬ ಆಟವನ್ನು ಹೊರತಂದಿತು. ತಂದೆ ಬಿಟ್ಟುಹೋದ ಸಾಲವನ್ನು ಅಂಗಡಿ ನಡೆಸಿ ತೀರಿಸುವ ಹುಡುಗಿಯೊಬ್ಬಳ ಕಥೆ ಅದು. ಅದನ್ನು ಅಮೆರಿಕದ ಆಟಗಾರರಿಗೆ ತಲುಪಿಸಿದ್ದು ದೊಡ್ಡ ಕಂಪನಿಯಲ್ಲ. ಇಬ್ಬರು ಗೆಳೆಯರು ಕಟ್ಟಿದ 'ಕಾರ್ಪೆ ಫುಲ್ಗರ್' ಎಂಬ ಪುಟ್ಟ ಸಂಸ್ಥೆ. 2010ರ ಸೆಪ್ಟೆಂಬರಿನಲ್ಲಿ ಬಂದ ಇಂಗ್ಲಿಷ್ ಆವೃತ್ತಿಯು ಕೆಲವೇ ತಿಂಗಳುಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಯಿತು. ಅದರ ಲವಲವಿಕೆಯ ಸಂಭಾಷಣೆಯನ್ನು ಆಟಗಾರರು ವಿಶೇಷವಾಗಿ ಮೆಚ್ಚಿಕೊಂಡರು.

ಸ್ಥಳೀಕರಣಕ್ಕೆ ಮೇರೆ ಎಲ್ಲಿ ಎಂಬ ಪ್ರಶ್ನೆ ಇದಕ್ಕಿಂತ ಹಿಂದೆಯೇ ಎದ್ದಿತ್ತು. ಕ್ಯಾಲಿಫೋರ್ನಿಯಾದ 'ವರ್ಕಿಂಗ್ ಡಿಸೈನ್ಸ್' ಸಂಸ್ಥೆಯು 1993ರಲ್ಲಿ 'ಲೂನಾರ್' ಎಂಬ ಆಟವನ್ನು ಇಂಗ್ಲಿಷಿಗೆ ತಂದಿತು. ತನ್ನ ಆಟಗಳಲ್ಲಿ ಅದು ಅಮೆರಿಕದ ಸಮಕಾಲೀನ ಹಾಸ್ಯವನ್ನು ಧಾರಾಳವಾಗಿ ಬೆರೆಸುತ್ತಿತ್ತು. ಆಟ ತಮ್ಮದೇ ಎನಿಸಿತೆಂದು ಕೆಲವರು ಹಿಗ್ಗಿದರೆ, ಮೂಲದ ದನಿ ಕಳೆದುಹೋಯಿತೆಂದು ಕೆಲವರು ಮುನಿದರು. 2005ರಲ್ಲಿ ಆ ಸಂಸ್ಥೆ ಮುಚ್ಚಿತು. ಚರ್ಚೆ ಮಾತ್ರ ಇಂದಿಗೂ ಮುಗಿದಿಲ್ಲ.

ಈ ಬಗೆಯ ಕಾರ್ಯ ಕನ್ನಡಕ್ಕೆ ಹೊಸದೇನಲ್ಲ. ಗಳಗನಾಥರೆಂದೇ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಓದುಗರನ್ನು ಹುಡುಕಿಕೊಂಡು ಹೋಗುವ ಸಣ್ಣ ಪ್ರಕಾಶಕನ ಛಲ ಎಲ್ಲ ಕಾಲಕ್ಕೂ ಒಂದೇ. ಮರಾಠಿಯಿಂದ ಕನ್ನಡಕ್ಕೆ ಬರುವವರಿಗೆ ಎದುರಾಗುವ ತೊಡಕೊಂದನ್ನು ಇಲ್ಲಿ ಗಮನಿಸಬಹುದು. ಕೇಳುಗನೂ ಸೇರಿದ 'ನಾವು' ಮರಾಠಿಯಲ್ಲಿ 'ಆಪಣ'. ಕೇಳುಗನನ್ನು ಹೊರಗಿಟ್ಟ 'ನಾವು' 'ಆಮ್ಹೀ'. ಇಂದಿನ ಕನ್ನಡದಲ್ಲಿ ಇವೆರಡಕ್ಕೂ ಇರುವುದು 'ನಾವು' ಒಂದೇ. ಆದ್ದರಿಂದ ಆ ಭೇದವನ್ನು ಅನುವಾದಕ ವಾಕ್ಯದ ಬೇರೆ ಕಡೆಯಲ್ಲಿ ತೋರಿಸಬೇಕಾಗುತ್ತದೆ.

ಜಪಾನಿನ ಆಟವೊಂದು ನೇರವಾಗಿ ಕನ್ನಡಕ್ಕೆ ಬಂದರೆ ಏನಾದೀತು? ಒಂದು ಲಾಭವಂತೂ ಖಚಿತ. ಜಪಾನಿ ಭಾಷೆಯಲ್ಲಿ ಗೌರವದ ಮೆಟ್ಟಿಲುಗಳು ಹಲವು. ಇಂಗ್ಲಿಷಿನಲ್ಲಿ ಅವೆಲ್ಲ ಒಂದೇ ಮಧ್ಯಮ ಪುರುಷ ಸರ್ವನಾಮದಲ್ಲಿ ಕರಗುತ್ತವೆ. ಕನ್ನಡದಲ್ಲಿ ನೀನು, ನೀವು, ತಾವು ಎಂಬ ಮೆಟ್ಟಿಲುಗಳು ಉಳಿದಿವೆ. ಆದರೆ ಉತ್ತಮ ಪುರುಷದಲ್ಲಿ ಕನ್ನಡವೂ ಸೋಲುತ್ತದೆ: ವತಾಶಿ, ಬೊಕು, ಒರೆ ಎಂದು ಪಾತ್ರದ ಸ್ವಭಾವವನ್ನೇ ಸೂಚಿಸುವ ಪದಗಳಿಗೆ ಇಲ್ಲಿರುವುದು 'ನಾನು' ಮಾತ್ರ.

ನಿಜವಾದ ತೊಡಕು ವಿಭಕ್ತಿಯದು. ಆಟಗಾರ ತನ್ನ ಹೆಸರನ್ನು ತಾನೇ ಬರೆಯುತ್ತಾನೆ. ಯಂತ್ರ ಅದನ್ನು ಸಿದ್ಧವಾಕ್ಯದಲ್ಲಿ ಕೂರಿಸುತ್ತದೆ. ಜಪಾನಿ ಭಾಷೆಯ 'ನಿ' ಎಂಬ ಪ್ರತ್ಯಯ ಯಾವ ಹೆಸರಿನ ಮುಂದೆ ಬಂದರೂ ಬದಲಾಗದು. ಕನ್ನಡದಲ್ಲಾದರೋ ರಾಮನಿಗೆ, ಸೀತೆಗೆ, ಗುರುವಿಗೆ ಎಂದು ನಾಮಪ್ರಕೃತಿಗೆ ತಕ್ಕಂತೆ ಚತುರ್ಥಿಯ ರೂಪ ಬೇರೆಯಾಗುತ್ತದೆ. ಎಲ್ಲ ಹೆಸರಿಗೂ 'ಅವರಿಗೆ' ಎಂದು ಹಚ್ಚಿದರೆ ವ್ಯಾಕರಣ ಉಳಿಯುತ್ತದೆ, ಸಲಿಗೆ ಹೋಗುತ್ತದೆ. ಬಾಲ್ಯದ ಗೆಳೆಯ ಸರ್ಕಾರಿ ಸುತ್ತೋಲೆಯಂತೆ ಮಾತನಾಡುತ್ತಾನೆ. 'ರಾಮ, ನಿನಗೆ ಕತ್ತಿ ದೊರೆಯಿತು' ಎಂದು ಸಂಬೋಧನೆಗೆ ತಿರುಗಿಸುವುದು ಒಂದು ಪರಿಹಾರ. ಇದನ್ನು ಕಾಣುವವರು ತಂತ್ರಜ್ಞರಿಗಿಂತ ಮೊದಲು ವ್ಯಾಕರಣ ಬಲ್ಲವರು. ಕೇಶಿರಾಜನ 'ಶಬ್ದಮಣಿದರ್ಪಣ'ದ ನಾಮಪ್ರಕರಣವನ್ನು ಪರೀಕ್ಷೆಗಾಗಿ ಮಾತ್ರ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಒತ್ತಕ್ಷರಗಳೂ ಇಲ್ಲಿ ತಮ್ಮ ಪಾಲು ಕೇಳುತ್ತವೆ: 'ರಾಷ್ಟ್ರ' ಎಂಬಂತಹ ಪದಕ್ಕೆ ಸಾಲಿನ ಕೆಳಗೆ ಜಾಗವಿಲ್ಲದಿದ್ದರೆ ಅಕ್ಷರವೇ ತುಂಡಾಗುತ್ತದೆ.

ತಳಿ, ಡೆಂಕಣಿಕೋಟೆ, ಹೊಸೂರುಗಳ ಕನ್ನಡ ಮನೆಗಳ ಮಕ್ಕಳಿಗೆ ಈ ವಿಷಯ ದೂರದ್ದಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಅವರ ಕಿವಿಯ ಮೇಲೆ ದಿನವೂ ಬೀಳುತ್ತವೆ. ತಮಿಳಿನ ನಾಮ್–ನಾಂಗಳ್, ತೆಲುಗಿನ ಮನಂ–ಮೇಮು ಎಂಬ ಭೇದಗಳನ್ನು ಪಾಠವಿಲ್ಲದೆಯೇ ಅರಿತ ಕಿವಿಗಳು ಅವು. ಆದರೆ ಅವರ ಕೈಯ ಮೊಬೈಲಿನ ಆಟ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಮಾತನಾಡುತ್ತದೆ. ಶಾಲೆಯ ಪುಸ್ತಕದಲ್ಲಿ ಮಾತ್ರ ಉಳಿದು ಆಟದಲ್ಲಿ ಇಲ್ಲದ ಭಾಷೆಯನ್ನು ಮಕ್ಕಳು ಕೆಲಸಕ್ಕೆ ಬಾರದ್ದೆಂದು ಎಣಿಸತೊಡಗುತ್ತಾರೆ. ಗಡಿಭಾಗದಲ್ಲಿ ಈ ಎಣಿಕೆಯ ಬೆಲೆ ಹೆಚ್ಚು. ಒಂದು ಸಣ್ಣ ಆಟದ ಹತ್ತು ವಾಕ್ಯಗಳನ್ನು ಕನ್ನಡಕ್ಕೆ ತಂದು, ಹೆಸರಿನ ಜಾಗದಲ್ಲಿ ತರಗತಿಯ ಎಲ್ಲರ ಹೆಸರನ್ನೂ ಇಟ್ಟು ನೋಡುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ತಕ್ಕ ಅಭ್ಯಾಸ. ಯಾವ ಹೆಸರಿಗೆ ವಾಕ್ಯ ಮುರಿಯುತ್ತದೆಯೋ ಅಲ್ಲಿಂದಲೇ ಸ್ಥಳೀಕರಣದ ಮೊದಲ ಪಾಠ ಆರಂಭವಾಗುತ್ತದೆ.