ಅಣ್ಣನದೊಂದು ಸೇನೆ, ತಮ್ಮನದೊಂದು ಸೇನೆ

ಕೋಲ್ಕತ್ತಾದ ಅಲಿಪುರದಲ್ಲಿ ಸೈನಿಕ ವೃತ್ತಿಯ ಎರಡು ಕೊನೆಗಳನ್ನು ನೆನಪಿಸುವ ಎರಡು ಆವರಣಗಳಿವೆ. ಒಂದು, ಗಾಯಗೊಂಡ ಮತ್ತು ಕಾಯಿಲೆಬಿದ್ದ ಯೋಧರನ್ನು ಸಲಹುವ, ಭಾರತೀಯ ಸೇನೆಯ ಪೂರ್ವ ವಲಯದ ಕಮಾಂಡ್ ಆಸ್ಪತ್ರೆ. ಇನ್ನೊಂದು, ಬ್ರಿಟಿಷ್ ಸರ್ಕಾರ ತನ್ನ ವಿರೋಧಿಗಳನ್ನು ಕೂಡಿಹಾಕುತ್ತಿದ್ದ, 2022ರಿಂದ ವಸ್ತುಸಂಗ್ರಹಾಲಯವಾಗಿರುವ ಕೇಂದ್ರ ಕಾರಾಗೃಹ. ದೇಶಕ್ಕಾಗಿ ಆಯುಧ ಹಿಡಿಯುವುದನ್ನು ಒಬ್ಬ ಮನುಷ್ಯ ತನ್ನ ಜೀವನೋಪಾಯವಾಗಿ ಆರಿಸಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಹಳೆಯದಾದರೂ, ಯಾವ ದೇಶ, ಯಾರ ಆಜ್ಞೆ ಎಂಬ ಉಪಪ್ರಶ್ನೆಗಳಿಲ್ಲದೆ ಅದಕ್ಕೆ ಉತ್ತರ ಸಿಗುವುದಿಲ್ಲವೆಂಬುದನ್ನು ಆ ಸೆರೆಮನೆಯಲ್ಲಿದ್ದ ಒಬ್ಬ ಕೈದಿಯ ಬದುಕೇ ಹೇಳುತ್ತದೆ.

ಆ ಕೈದಿ ಸುಭಾಷ್ ಚಂದ್ರ ಬೋಸ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಯ ವಿದ್ಯಾರ್ಥಿಯಾಗಿದ್ದ ಅವರು ಬಂಗಾಳಿಗಳ ಪಡೆಯೊಂದಕ್ಕೆ ಸೇರಲು ಹೋಗಿ, ಉಳಿದ ತಪಾಸಣೆಗಳಲ್ಲಿ ತೇರ್ಗಡೆಯಾಗಿಯೂ ದೃಷ್ಟಿಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಬಳಿಕ ವಿಶ್ವವಿದ್ಯಾಲಯದ ಪದಾತಿ ತುಕಡಿಯಲ್ಲಿ ಕವಾಯತು ಕಲಿತರು. ಕನ್ನಡಕದ ಆ ಯುವಕ ಅಂದು ಸೇರಬಯಸಿದ್ದು ಬ್ರಿಟಿಷರದೇ ಸೇನೆಯನ್ನು. 1930ರಲ್ಲಿ ಸೆರೆಯಲ್ಲಿದ್ದಾಗಲೇ ಕಲ್ಕತ್ತೆಯ ಮೇಯರ್ ಆಗಿ ಆಯ್ಕೆಯಾದ ಅದೇ ವ್ಯಕ್ತಿ, 1943ರಲ್ಲಿ ಸಿಂಗಪುರದಲ್ಲಿ ಆಜಾದ್ ಹಿಂದ್ ಫೌಜಿನ ನಾಯಕತ್ವ ವಹಿಸಿ, ಬ್ರಿಟಿಷ್ ಸೇನೆಯ ಭಾರತೀಯ ಯುದ್ಧಕೈದಿಗಳು ತಮ್ಮ ಹಳೆಯ ನಿಷ್ಠೆಯನ್ನು ಬಿಟ್ಟುಕೊಡಬೇಕೆಂದು ಕರೆಕೊಟ್ಟರು.

ಆ ಕರೆ ಕೊಡಗಿನ ಒಂದು ಮನೆಯನ್ನೂ ತಟ್ಟಿತು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ತರಬೇತಾಗಿ 1926ರಲ್ಲಿ ಅಧಿಕಾರಿಯಾದ ಕೆ.ಎಸ್. ತಿಮ್ಮಯ್ಯನವರು ಬರ್ಮಾದ ಅರಕಾನಿನಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಪರವಾಗಿ ಜಪಾನಿಯರೊಡನೆ ಹೋರಾಡಿದರೆ, ಅವರ ಅಣ್ಣ ಪೊನ್ನಪ್ಪನವರು ಜಪಾನಿಯರ ಬೆಂಬಲವಿದ್ದ ಬೋಸರ ಫೌಜನ್ನು ಸೇರಿದರು. ಕಿರಿಯ ಸೋದರ ಸೋಮಯ್ಯನವರು ಸ್ವತಂತ್ರ ಭಾರತದ ಸೇನಾಧಿಕಾರಿಯಾಗಿ 1947–48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ಒಂದೇ ಒಲೆಯ ಅನ್ನ ಉಂಡ ಮೂವರ ಆಯ್ಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ, ಒಬ್ಬರನ್ನು ದೇಶಭಕ್ತರೆಂದೂ ಮತ್ತೊಬ್ಬರನ್ನು ದ್ರೋಹಿಯೆಂದೂ ಕರೆಯುವುದು ಆ ಮನೆಗೆ ಮಾಡುವ ಅನ್ಯಾಯ.

ತಿಮ್ಮಯ್ಯನವರಿಗೂ ಅನುಮಾನ ಕಾಡದೆ ಇರಲಿಲ್ಲ. ಸ್ವಾತಂತ್ರ್ಯ ಚಳವಳಿ ಬಿರುಸಾಗಿದ್ದ 1930ರ ಸುಮಾರಿಗೆ ಅಲಹಾಬಾದಿನಲ್ಲಿದ್ದ ಅವರು, ರಾಜೀನಾಮೆ ಕೊಡಬೇಕೆ ಎಂದು ಮೋತಿಲಾಲ್ ನೆಹರೂ ಅವರನ್ನು ಕೇಳಿದರೆಂದೂ, ನಾಳೆಯ ಸ್ವತಂತ್ರ ದೇಶಕ್ಕೆ ಅನುಭವಿ ಅಧಿಕಾರಿಗಳು ಬೇಕಾಗುವುದರಿಂದ ಸೇನೆಯಲ್ಲೇ ಉಳಿಯುವುದು ಒಳ್ಳೆಯದೆಂಬ ಸಲಹೆ ದೊರಕಿತೆಂದೂ ಅವರ ಜೀವನಕಥನ ದಾಖಲಿಸುತ್ತದೆ. 1957ರಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದಾಗ ಆ ಮಾತು ನಿಜವಾಯಿತು. ಆದರೂ ಅದು ಫಲವನ್ನು ನೋಡಿ ಕರ್ಮವನ್ನು ಸಮರ್ಥಿಸುವ ವಾದ; ನಡುವಿನ ವರ್ಷಗಳಲ್ಲಿ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಬೇಕೆಂಬ ಆಜ್ಞೆ ಬಂದಿದ್ದರೆ ಏನು ಮಾಡಬೇಕಿತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಅಂಥ ಆಜ್ಞೆ ಬರುತ್ತಲೂ ಇತ್ತು. 1919ರಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಡಯರನ ಆಜ್ಞೆಯಂತೆ 1,650 ಸುತ್ತು ಗುಂಡು ಹಾರಿಸಿದ ಐವತ್ತು ಸಿಪಾಯಿಗಳು ಈ ಉಪಖಂಡದವರೇ ಆಗಿದ್ದರು. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಅಂಥದೇ ಆಜ್ಞೆ ಬಂದಾಗ ಗಢವಾಲ್ ರೈಫಲ್ಸ್‌ನ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಸಂಗಡಿಗರು ಬಂದೂಕು ಎತ್ತಲು ಒಪ್ಪದೆ, ಸೈನಿಕ ನ್ಯಾಯಾಲಯದ ಮುಂದೆ ನಿಂತು ಕಠಿಣ ಶಿಕ್ಷೆ ಅನುಭವಿಸಿದರು. ಅಮೃತಸರದವರೂ ಪೇಶಾವರದವರೂ ಸೇನೆ ಸೇರಿದ ಕಾರಣ ಬಹುಮಟ್ಟಿಗೆ ಒಂದೇ: ಸಂಬಳ, ಊರಿನಲ್ಲಿ ಸಿಗುವ ಮರ್ಯಾದೆ, ಮನೆತನದ ವಾಡಿಕೆ. ಆದ್ದರಿಂದ ಈ ವೃತ್ತಿಯ ನೈತಿಕತೆಯನ್ನು ಸೇರ್ಪಡೆಯ ದಿನದಿಂದ ಮಾತ್ರ ಅಳೆಯಲಾಗದು. ಅದು ಪ್ರತಿ ಆಜ್ಞೆಯ ಮುಂದೆಯೂ ಮತ್ತೆ ಎದುರಾಗುತ್ತದೆ.

ಯುದ್ಧನೀತಿಯನ್ನು ಚರ್ಚಿಸುವವರು ಎರಡು ಬಗೆಯ ನ್ಯಾಯಗಳನ್ನು ಬೇರ್ಪಡಿಸುತ್ತಾರೆ: ಯುದ್ಧ ಹೂಡುವುದು ಸರಿಯೇ ಎಂಬುದು ಒಂದು, ಯುದ್ಧದೊಳಗೆ ಹೇಗೆ ನಡೆದುಕೊಳ್ಳಬೇಕೆಂಬುದು ಇನ್ನೊಂದು. ಮೊದಲನೆಯದರ ಹೊಣೆ ಸರ್ಕಾರದ್ದು, ಹಾಗಾಗಿ ಅದನ್ನು ಆರಿಸಿದ ಪ್ರಜೆಗಳದ್ದು. ಎರಡನೆಯದರ ಹೊಣೆ ಸೈನಿಕನದು. ಭಾರತದ 1950ರ ಸೇನಾ ಕಾಯ್ದೆಯ 41ನೆಯ ಕಲಂ ಶಿಕ್ಷಾರ್ಹವೆಂದು ಹೇಳುವುದು ಮೇಲಧಿಕಾರಿಯ ‘ಕಾನೂನುಬದ್ಧ’ ಆಜ್ಞೆಯ ಉಲ್ಲಂಘನೆಯನ್ನು. ಆ ಒಂದು ವಿಶೇಷಣದಲ್ಲಿ ಸೈನಿಕನ ಆತ್ಮಸಾಕ್ಷಿಗೆ ಸ್ಥಳವಿದೆ. ಆದರೆ ಗುಂಡಿನ ಸದ್ದಿನ ನಡುವೆ, ಕ್ಷಣಾರ್ಧದಲ್ಲಿ, ಆ ಪದವನ್ನು ಅರ್ಥಮಾಡಿಕೊಳ್ಳಬೇಕಾದವನು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗ.

ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆಯಿಲ್ಲ, ಆದುದರಿಂದ ಸೇರಿದವರೆಲ್ಲ ತಾವೇ ಆರಿಸಿಕೊಂಡವರು ಎಂಬ ಮಾತಿದೆ. ಅದು ಅರ್ಧ ಸತ್ಯ. ಮಳೆಯನ್ನೇ ನಂಬಿದ ಎರಡೆಕರೆ ಹೊಲದ ಮನೆಯ ಹುಡುಗನಿಗೂ, ಹತ್ತು ದಾರಿಗಳು ತೆರೆದಿರುವ ನಗರದ ಹುಡುಗನಿಗೂ ‘ಆಯ್ಕೆ’ ಎಂಬ ಶಬ್ದದ ಅರ್ಥ ಒಂದೇ ಆಗಿರಲಾರದು. ಹೊಟ್ಟೆಪಾಡಿಗಾಗಿ ಸೇನೆ ಸೇರುವುದರಲ್ಲಿ ಕೀಳೇನೂ ಇಲ್ಲ. ಆ ಹೊಟ್ಟೆಪಾಡನ್ನೇ ನಂಬಿಕೊಂಡು ಸೈನ್ಯ ಕಟ್ಟುವ ಸಮಾಜ ಮಾತ್ರ, ಅವರನ್ನು ಯಾವ ಯುದ್ಧಕ್ಕೆ ಕಳುಹಿಸುತ್ತಿದ್ದೇವೆಂದು ಕೇಳಿಕೊಳ್ಳುವ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆ ನಾಲ್ಕು ವರ್ಷದ ಸೇವೆಯ ಬಳಿಕ ಕಾಲು ಭಾಗದಷ್ಟು ಮಂದಿಯನ್ನು ಮಾತ್ರ ಉಳಿಸಿಕೊಳ್ಳುವುದಾದ್ದರಿಂದ ಆ ಹೊಣೆ ಇನ್ನಷ್ಟು ಹೆಚ್ಚಿದೆ.

ಈ ಯೋಜನೆಗೆ ಸೇರಲು ಕನಿಷ್ಠ ವಯಸ್ಸು ಹದಿನೇಳೂವರೆ. ಆ ವಯಸ್ಸಿನಲ್ಲಿ ಸಹಿ ಹಾಕುವವನಿಗೆ ತನ್ನನ್ನು ಯುದ್ಧಕ್ಕೆ ಕಳುಹಿಸಬಹುದಾದ ಸರ್ಕಾರವನ್ನು ಆರಿಸುವ ಮತ ಇನ್ನೂ ಬಂದಿರುವುದಿಲ್ಲ. ಅವನ ಪರವಾಗಿ ಆ ಮತವನ್ನು ಚಲಾಯಿಸುತ್ತಿರುವವರು ಹಿರಿಯರು.