ಕುದುರೆ ಮಾರಿದ ಊರಿನಲ್ಲಿ ಕಂಪ್ಯೂಟರ್

ಕಡಲಾಚೆಯ ಸರಕನ್ನು ನಂಬಿ ವ್ಯಾಪಾರ ಮಾಡುವುದು ಬೀದರಿಗೆ ಹೊಸತಲ್ಲ. ಬಹಮನಿ ಸೇನೆಗೆ ಬೇಕಾದ ಉತ್ತಮ ಕುದುರೆಗಳು ಹೊರದೇಶಗಳಿಂದಲೇ ಬರಬೇಕಿತ್ತು. ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದೇ ಒಂದು ಕುದುರೆಯೊಡನೆ ಬಂದವನು. ಜುನ್ನರಿನ ಅಧಿಕಾರಿ ಅದನ್ನು ಕಿತ್ತುಕೊಂಡ. ಹೇಗೋ ಮರಳಿ ಪಡೆದು, ತಿಂಗಳುಗಟ್ಟಲೆ ಮೇವು ಹಾಕಿ, ಕಡೆಗೆ ಬೀದರಿನಲ್ಲಿ ಮಾರಿದ. ತನ್ನ ನಾಡಿಗೆ ಒಯ್ಯಲು ತಕ್ಕ ಸರಕು ಇಲ್ಲಿಲ್ಲವೆಂದು ಗೊಣಗುತ್ತಲೇ ಬರೆದಿಟ್ಟ. 1472ರ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ಕೂಡ ಗಿಲಾನಿನಿಂದ ವ್ಯಾಪಾರಿಯಾಗಿ ಬಂದವರೇ.

ನನಗೆ ಪರಿಚಿತರಾದ ಇಲ್ಲಿನ ವ್ಯಾಪಾರಿಯೊಬ್ಬರು ತೈವಾನಿನಿಂದ ಮಾನಿಟರ್, ಅಡಾಪ್ಟರ್ ತರಿಸುತ್ತಿದ್ದರು. 2019ರಲ್ಲಿ ಪೂರೈಕೆದಾರ ಕಂಪನಿಯ ಇಬ್ಬರು ಹೈದರಾಬಾದಿನಲ್ಲಿ ಇಳಿದು ಕಾರಿನಲ್ಲಿ ಬಂದರು. ಬೀದರಿಗೆ ನಾಗರಿಕ ವಿಮಾನ ಬಂದದ್ದು ಮರುವರ್ಷ. ದುಭಾಷಿಯಾಗಿ ನಾನಿದ್ದೆ. ಜೋಳದ ರೊಟ್ಟಿಯ ಊಟವಾಯಿತು. ಕಾಣಿಕೆಯಾಗಿ ಕೊಟ್ಟ ಬಿದರಿ ಹೂದಾನಿ ಕೋಟೆಯ ಮಣ್ಣಿನಿಂದ ಕಪ್ಪಾಗುತ್ತದೆಂದು ತಿಳಿದು ಅತಿಥಿಗಳು ಅದರ ರಸಾಯನದ ಬಗ್ಗೆ ಗಂಟೆಗಟ್ಟಲೆ ವಿಚಾರಿಸಿದರು. ಮಾನಿಟರಿನ ದರದ ಮಾತು ಬಂದಾಗ ಅಷ್ಟು ಉತ್ಸಾಹ ಕಾಣಲಿಲ್ಲ!

ಮರುದಿನ ವ್ಯಾಪಾರಿ ಅವರನ್ನು ಭಾಲ್ಕಿ, ಔರಾದ್‌ಗಳಿಗೆ ಕರೆದೊಯ್ದರು. ಊರು ತೋರಿಸಲೆಂದಲ್ಲ, ಗ್ರಾಹಕರ ಅಂಗಡಿಗಳಲ್ಲಿ ಸುಟ್ಟು ಬಿದ್ದಿದ್ದ ಅಡಾಪ್ಟರುಗಳನ್ನು ತೋರಿಸಲು. ವಿದ್ಯುತ್ ಏರಿಳಿತ, ಧೂಳು, ಬೇಸಿಗೆಯ ಸೆಕೆ ಮೂರೂ ಸೇರಿದರೆ ಏನಾಗುವುದೆಂಬುದನ್ನು ಪತ್ರದಲ್ಲಿ ವಿವರಿಸಿ ಅವರು ಸೋತಿದ್ದರು. ವಾರಂಟಿ ಇದ್ದೇನು? ಕೆಟ್ಟದ್ದನ್ನು ತೈವಾನಿಗೆ ಕಳಿಸುವ ಸಾಗಣೆ ವೆಚ್ಚ ವಸ್ತುವಿನ ಬೆಲೆಯನ್ನೇ ಮೀರುತ್ತದೆ. ನಷ್ಟವೆಲ್ಲ ಅಂಗಡಿಯವನದೇ.

ಪ್ರತಿ ಸರಕಿನೊಡನೆ ಒಂದಿಷ್ಟು ಬಿಡಿ ಅಡಾಪ್ಟರ್ ಕೊಡಲು ಅತಿಥಿಗಳು ಒಪ್ಪಿದರು. ಮತ್ತೊಂದು ಬೇಡಿಕೆಗೆ ಒಪ್ಪಲಿಲ್ಲ. ಕೇಂದ್ರದ ಆದೇಶದಂತೆ ಇಂಥ ವಸ್ತುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಅದನ್ನು ಪಡೆಯಬೇಕಾದವನು ತಯಾರಕ, ಆಮದುದಾರನಲ್ಲ. ಸಣ್ಣ ಬೇಡಿಕೆಗಾಗಿ ಹೊಸ ಮಾದರಿಯ ಪರೀಕ್ಷೆಗೆ ಯಾರು ಹಣ ಹಾಕುತ್ತಾರೆ? ಹೀಗಾಗಿ ದೊಡ್ಡವರು ಆರಿಸಿದ ಮಾದರಿಯೇ ಚಿಕ್ಕವರ ಪಾಲು.

ಗ್ರಾಹಕರ ಸುರಕ್ಷತೆಗೆ ಆ ಆದೇಶ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದು ಹೊರಟ ಅಧಿಸೂಚನೆ ಬೇರೆಯೇ ಬಗೆಯದು. ಅದರ ಜಾರಿ ಮುಂದೂಡಲ್ಪಟ್ಟು, ನವೆಂಬರಿನಿಂದ ಆನ್‌ಲೈನ್ ಅನುಮತಿಯ ವ್ಯವಸ್ಥೆ ಬಂತು. ಅಂಥ ಕಾಗದಪತ್ರ ದೊಡ್ಡ ಕಂಪನಿಗೆ ಒಬ್ಬ ಗುಮಾಸ್ತನ ಕೆಲಸ. ಒಂದೇ ಮಳಿಗೆಯವನಿಗೆ ಅಂಗಡಿಗೇ ಬೀಗ ಹಾಕಿ ಕೂರುವ ಕೆಲಸ. ಬೀದರ್, ಕಲಬುರಗಿ, ಲಾತೂರಿನ ವ್ಯಾಪಾರಿಗಳು ಕೂಡಿ ಒಂದೇ ಮಾದರಿಗೆ ಬೇಡಿಕೆಯಿಟ್ಟರೆ ತಯಾರಕ ಕಿವಿಗೊಟ್ಟಾನು. ನನ್ನ ಪರಿಚಿತರು ಈಗ ಅದೇ ಮಾತನ್ನು ಹಿಡಿದು ಊರೂರು ತಿರುಗುತ್ತಿದ್ದಾರೆ.